ಗಾಜಿನ ಮೇಲಿನ ವಿಭೂತಿ

ಡಾಲರ್ ದೇಶದ ಡಬ್ಲಿನ್ನಿನ ಕನ್ನಡದವರ ನಡುವೆ ಸಿದ್ಧಾರೂಢನಿಗೆ ಒಂದು ಅಡ್ಡಹೆಸರಿತ್ತು, 'ಹನಿ ಸುಡೋ ಸಿದ್ದಣ್ಣ'. ಸುತ್ತಮುತ್ತ ಎಲ್ಲರೂ ಕಂಪ್ಯೂಟರಿನವರು. ಮೀಟಿಂಗು, ಮೀಟಿಂಗು, ಮತ್ತೊಂದು ಮೀಟಿಂಗು. ಅವರ ಮಧ್ಯೆ ಉಗುರಿನ ಸಂದಿಯಲ್ಲಿ ಎಣ್ಣೆಕಪ್ಪು ಇಟ್ಟುಕೊಂಡು ಮನೆಗೆ ಬರುವ ಇಂಜಿನಿಯರು ಇವನೊಬ್ಬನೇ. ಗದಗಿನವನು, ಮೆಕ್ಯಾನಿಕಲ್ ಓದಿದವನು. ಲಿವರ್‌ಮೋರಿನ ಒಣಗುಡ್ಡಗಳ ಬುಡದಲ್ಲಿರುವ ಒಂದು ಸಣ್ಣ ಕಂಪನಿಗೆ ಸೇರಿ, ಅಲ್ಲೇ ತಲೆ ನರೆಸಿಕೊಂಡ. ಎಲೆಕ್ಟ್ರಿಕ್ ಕಾರಿನ ಕಾಲದಲ್ಲಿ ಡೀಸೆಲ್ಲು ಹಿಡಿದು ಕೂತಿದ್ದೀಯಲ್ಲೋ ಮಾರಾಯ ಅಂತ ಛೇಡಿಸಿದರೆ, 'ಹಡಗು ಬ್ಯಾಟರಿ ಮ್ಯಾಲೆ ಸಮುದ್ರ ದಾಟಲಿ, ಅವತ್ತು ಕೆಲಸ ಬಿಡ್ತೀನಿ' ಅನ್ನುತ್ತಿದ್ದ.

ಅವನ ಕೆಲಸ ಇಷ್ಟೇ. ಒಂದು ದಪ್ಪ ಉಕ್ಕಿನ ಪೆಟ್ಟಿಗೆ, ಮದುವೆಮನೆಯ ಕುಕ್ಕರಿನಷ್ಟು ದೊಡ್ಡದು. ಅದರ ಎರಡು ಪಕ್ಕಕ್ಕೆ ಅಂಗೈ ಅಗಲದ ಗಾಜಿನ ಕಿಟಕಿ. ಗಾಜು ಅಂದರೆ ಮನೆಯ ಗಾಜಲ್ಲ, ಶಾಖಕ್ಕೂ ಒತ್ತಡಕ್ಕೂ ಬಗ್ಗದ ದಪ್ಪ ಕ್ವಾರ್ಟ್ಜ್. ಒಳಗೆ ಕೂದಲಿಗಿಂತ ತೆಳುವಾದ ಒಂದು ಎಳೆ, ಎಳೆಯ ತುದಿಗೆ ಸಾಸಿವೆ ಕಾಳಿನಷ್ಟು ಡೀಸೆಲ್ ಹನಿ. ಪೆಟ್ಟಿಗೆಗೆ ನೈಟ್ರೋಜನ್ ತುಂಬಿ ಒತ್ತಡ ಏರಿಸಬೇಕು, ಕಾಯಿಸಬೇಕು, ಹನಿಗೆ ಏನಾಗುತ್ತದೆ ಅಂತ ಕಿಟಕಿಯಿಂದ ಕ್ಯಾಮೆರಾದಲ್ಲಿ ಹಿಡಿಯಬೇಕು. ಇಂಜಿನ್ನಿನ ಹೊಟ್ಟೆಯಲ್ಲಿ ಒಂದೊಂದು ಹನಿಗೂ ಆಗುವುದು ಇದೇ. ಆದರೆ ಅಲ್ಲಿ ಇಣುಕಿ ನೋಡುವವರು ಯಾರು?

ಒತ್ತಡ ಕಡಿಮೆ ಇದ್ದಾಗ ಹನಿ ಕಾದ ಹೆಂಚಿನ ಮೇಲಿನ ನೀರಿನ ಹಾಗೆ ಸಣ್ಣಗಾಗುತ್ತಾ ಹೋಗುತ್ತದೆ. ಕೊನೆಯವರೆಗೂ ದುಂಡಗೇ ಇರುತ್ತದೆ, ಕೊನೆಯವರೆಗೂ ಅದಕ್ಕೊಂದು ಅಂಚು ಇರುತ್ತದೆ. ಆದರೆ ಶಾಖ, ಒತ್ತಡ ಎರಡೂ ಒಂದು ಗೆರೆ ದಾಟಿದವೋ, ಆಟವೇ ಬೇರೆ. ಹನಿ ಮೊದಲು ಊದಿಕೊಳ್ಳುತ್ತದೆ. ಅಂಚು ಅದುರುತ್ತದೆ. ಆಮೇಲೆ ಅಂಚೇ ಇರುವುದಿಲ್ಲ. ಕುದಿಯುವುದೂ ಇಲ್ಲ, ಗುಳ್ಳೆ ಏಳುವುದೂ ಇಲ್ಲ. ಇದು ಹನಿ, ಇದು ಗಾಳಿ ಅಂತ ಬೆರಳಿಟ್ಟು ತೋರಿಸಲಾಗದ ಹಾಗೆ ಎರಡೂ ಒಂದಾಗಿಬಿಡುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಈ ಸಂಗತಿಯನ್ನು ನಿಧಾನ ಮಾಡಿ ನೋಡುವುದೆಂದರೆ ಸಿದ್ಧಾರೂಢನಿಗೆ ಊಟ ನಿದ್ದೆ ಎರಡೂ ಬೇಡ.

ಅವನಷ್ಟೇ ಹುಚ್ಚು ಹಿಡಿಸಿಕೊಂಡಿದ್ದ ಇನ್ನೊಬ್ಬ ಚೆಲುವರಾಜು. ಮಂಡ್ಯದ ಕಡೆಯವನು, ವಯಸ್ಸಿನಲ್ಲಿ ಚಿಕ್ಕವನು, ಅಲ್ಲೇ ಹತ್ತಿರದ ನೆವಾರ್ಕಿನಲ್ಲಿ ಮನೆ. ಕೆಲಸ ಕಲಿಸಿದವನು ಸಿದ್ಧಾರೂಢನೇ. ಚೆಲುವನ ಹೆಂಡತಿ ಅಕ್ಷಯಾ ಎಲೆಕ್ಟ್ರಿಕ್ ಕಾರಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. 'ನಮ್ಮ ಮನೇಲಿ ಎತ್ತು ಏರಿಗೆ, ಕೋಣ ನೀರಿಗೆ ಕಣಣ್ಣ' ಅಂತ ತಾನೇ ಹೇಳಿಕೊಂಡು ನಗುತ್ತಿದ್ದ. ನಕ್ಕರೆ ಲ್ಯಾಬಿನ ತಗಡೆಲ್ಲ ಗಲಗಲ ಅನ್ನಬೇಕು, ಅಂಥ ನಗು.

ಇವರಿಬ್ಬರೂ ಸೇರಿ ಆ ಲ್ಯಾಬಿಗೆ ಒಂದು ಪದ್ಧತಿ ಹಚ್ಚಿದ್ದರು. ಸಿದ್ಧಾರೂಢ ಅದನ್ನು ಖಂಡೆಪೂಜಿ ಅನ್ನುತ್ತಿದ್ದ, ಚೆಲುವ ಆಯುಧಪೂಜೆ ಅನ್ನುತ್ತಿದ್ದ. ಹೆಸರು ಯಾವುದಾದರೇನು, ವರ್ಷಕ್ಕೊಂದು ದಿನ ಪೆಟ್ಟಿಗೆಯನ್ನು ಬಿಚ್ಚಿ ತೊಳೆದು, ಉಕ್ಕಿನ ಮೈಗೆ ವಿಭೂತಿ ಕುಂಕುಮ ಹಚ್ಚಿ, ಪಾರ್ಕಿಂಗ್ ಲಾಟಿನಲ್ಲಿ ಕಾಯಿ ಒಡೆದು, ಎಲ್ಲರಿಗೂ ಚುರುಮುರಿ, ಲಾಡು. ಮ್ಯಾನೇಜರಮ್ಮನಿಗಂತೂ ಕಾಯಿ ಒಡೆಯುವುದೆಂದರೆ ಸಂಭ್ರಮ. ಒಂದು ಕಟ್ಟಳೆ ಮಾತ್ರ ಸಿದ್ಧಾರೂಢನೇ ಮಾಡಿದ್ದ: ವಿಭೂತಿ ಏನಿದ್ದರೂ ಹೊರಗಿನ ಉಕ್ಕಿಗೆ, ಗಾಜಿನ ಹತ್ತಿರ ಸುಳಿಯಬಾರದು. ಗಾಜನ್ನು ಅವರು ಬರಿಗೈಯಲ್ಲಿ ಮುಟ್ಟಿದವರೇ ಅಲ್ಲ. ಗಾಜಿಗೂ ಅದು ಕೂರುವ ಉಂಗುರಕ್ಕೂ ನಡುವೆ ಒಂದು ಕಸದ ಕಣ ಸಿಕ್ಕಿದರೆ, ಒಳಗಿನ ಒತ್ತಡವೆಲ್ಲ ಆ ಒಂದು ಚುಕ್ಕೆಯ ಮೇಲೆ ಬಂದು ಕೂರುತ್ತದೆ. ಗಾಜು ಅಲ್ಲಿಂದಲೇ ಸೀಳುವುದು.

ಈ ವರ್ಷ ಪೂಜೆಗೆ ಸಿದ್ಧಾರೂಢ ತನ್ನ ತಾಯಿ ಶರಣವ್ವನನ್ನೂ ಕರೆದುಕೊಂಡು ಹೋದ. ಮಗ ಸೊಸೆಯ ಜೊತೆ ಡಬ್ಲಿನ್ನಿನಲ್ಲೇ ಇರುವ ಮುದುಕಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಲ್ಲದೆ ಅವಳ ಮುಖ ನೋಡಿದವರು ಆ ಊರಲ್ಲಿ ಯಾರೂ ಇಲ್ಲ. ಮಗ ಇಷ್ಟು ವರ್ಷದಿಂದ ಏನು ಮಾಡುತ್ತಿದ್ದಾನೆ ಅಂತ ಕಣ್ಣಾರೆ ನೋಡಬೇಕು ಅಂತ ಅವಳಿಗೆ ಆಸೆ. ಪೆಟ್ಟಿಗೆ ಬಿಚ್ಚಿಟ್ಟಿತ್ತು. ಹಾಗಾಗಿ ಹಿಂದೆ ತೆಗೆದಿದ್ದ ಒಂದು ವಿಡಿಯೋ ಹಾಕಿ ತೋರಿಸಿದ.

ಶರಣವ್ವ ಪರದೆಯ ಹತ್ತಿರ ಮುಖ ತಂದು ನೋಡಿದಳು. ಹನಿ ಊದಿತು, ಅದುರಿತು, ಇಲ್ಲವಾಯಿತು.

"ಎಲ್ಲಿ ಹೋತಪಾ ಅದು?"

"ಎಲ್ಲೂ ಹೋಗಿಲ್ಲವ್ವ, ಅಲ್ಲೇ ಐತಿ. ಅದರ ಅಂಚು ಹೋತು, ಅಷ್ಟ."

ಮುದುಕಿ ಕೈ ಮುಗಿದಳು. "ಲಿಂಗೈಕ್ಯ ಆತು ಅನ್ನು."

"ಅಯ್ಯೋ ಅವ್ವೋ, ಡೀಸೆಲ್ಲಿಗೂ ಮೋಕ್ಷ ಕೊಡಿಸಿಬುಟ್ರಲ್ಲ!" ಅಂತ ಚೆಲುವ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಕಾಯಿ ಎತ್ತಿಕೊಂಡು, ಮ್ಯಾನೇಜರಮ್ಮನನ್ನೂ ಉಳಿದವರನ್ನೂ ಕರೆದುಕೊಂಡು ಪಾರ್ಕಿಂಗ್ ಲಾಟಿಗೆ ನಡೆದ. ಸಿದ್ಧಾರೂಢ ಊದುಬತ್ತಿಗೆ ಕಡ್ಡಿಪೆಟ್ಟಿಗೆ ಹುಡುಕಲು ಆ ಕಡೆ ತಿರುಗಿದ. ತಿರುಗಿ ನೋಡುವುದರೊಳಗೆ ಆಗುವುದು ಆಗಿಹೋಗಿತ್ತು.

ಬಿಳಿ ಬಟ್ಟೆಯ ಮೇಲೆ ಮಲಗಿಸಿದ್ದ ಕಿಟಕಿ ಗಾಜಿಗೆ ಶರಣವ್ವ ಈ ಅಂಚಿನಿಂದ ಆ ಅಂಚಿನವರೆಗೆ ಮೂರು ಬೆರಳು ವಿಭೂತಿ ಎಳೆದು, ಕಣ್ಣುಮುಚ್ಚಿ ನಿಂತಿದ್ದಳು.

"ಇದರಾಗಿಂದ ಅಲ್ಲೇನು ನೀವು ನೋಡೂದು? ಇದೂ ಒಂದು ಕಣ್ಣಪ್ಪ. ಇದಕ್ಕೂ ಶಿವನ ಕಾವಲಿರಲಿ ಅಂತ ಹಚ್ಚಿದೆ."

ಮಾಡಬೇಕಾದ್ದು ಏನು ಅಂತ ಸಿದ್ಧಾರೂಢನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಗಾಜನ್ನು ಪಕ್ಕಕ್ಕಿಡಬೇಕು. ತೊಳೆಯುವ ಯಂತ್ರಕ್ಕೆ ಹಾಕಬೇಕು. ಅಂಚನ್ನು ಸುತ್ತಲೂ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದಕ್ಕೊಂದು ಇಡೀ ದಿನ ಬೇಕು. ಮಾರನೆಯ ಬೆಳಿಗ್ಗೆಯೇ ಗಿರಾಕಿಯ ಪರೀಕ್ಷೆ ಇತ್ತು, ಬದಲಿಗೆ ತರಿಸಿದ್ದ ಗಾಜು ಇನ್ನೂ ಬಂದಿರಲಿಲ್ಲ. ಪರೀಕ್ಷೆ ಯಾಕೆ ಮುಂದೆ ಹೋಯಿತು ಅಂತ ಕೇಳಿದರೆ ಏನು ಹೇಳುವುದು? ನಮ್ಮವ್ವ ಬೂದಿ ಬಳಿದಳು ಅಂತಲೇ? ನಾಚಿಕೆ, ಸ್ವಾಮಿ, ನಾಚಿಕೆ. ಆ ಜನರ ಮುಂದೆ ತಾಯಿಯನ್ನು ಹಳ್ಳಿಗುಗ್ಗುವನ್ನಾಗಿ ಮಾಡುವ ನಾಚಿಕೆ. ತಾಯಿ ಕಾಯಿ ಒಡೆಯುವುದನ್ನು ನೋಡಲು ಹೊರಗೆ ಹೋಗಲಿ ಅಂತ ಕಾದು, ಕೈಗವಸು ಹಾಕಿಕೊಂಡು, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಗಾಜನ್ನು ಒರೆಸಿದ. ಬೆಳಕಿಗೆ ಹಿಡಿದ. ಥಳಥಳ ಅಂದಿತು. ಸಾಕು ಅಂದುಕೊಂಡ. ಅವತ್ತು ಸಂಜೆ ತನ್ನ ಕೈಯಾರೆ ಅದನ್ನು ಉಂಗುರದಲ್ಲಿ ಕೂರಿಸಿ ಬಿಗಿದ.

ಮಾರನೆಯ ದಿನ ಪರೀಕ್ಷೆಗೆ ನಿಂತವನು ಚೆಲುವ. ಪೆಟ್ಟಿಗೆಯ ಮುಂದೆ ಒಂದು ರಕ್ಷಣೆಯ ಪರದೆ ಇರುತ್ತದೆ, ದಪ್ಪ ಪ್ಲಾಸ್ಟಿಕ್ಕಿನದು. ಒತ್ತಡ ಏರುವಾಗ ಅದರ ಹಿಂದೆಯೇ ಇರಬೇಕು. ಆದರೆ ಕ್ಯಾಮೆರಾ ಒಂದು ಕೂದಲಷ್ಟು ಸರಿದರೂ ಹನಿ ಮಸುಕು. ಎಲ್ಲರೂ ಒಮ್ಮೆ ತಲೆ ಆಚೆ ಹಾಕಿ ಸರಿಮಾಡಿ ಬರುತ್ತಿದ್ದರು. ಸಿದ್ಧಾರೂಢನೂ ಮಾಡುತ್ತಿದ್ದ. ಚೆಲುವನಿಗೆ ಅದನ್ನು ತೋರಿಸಿಕೊಟ್ಟವನೂ ಅವನೇ. ಚೆಲುವ ರಕ್ಷಣೆಯ ಕನ್ನಡಕವನ್ನು ಹಣೆಗೇರಿಸಿ ಕ್ಯಾಮೆರಾಕ್ಕೆ ಕಣ್ಣಿಟ್ಟ. ಆಗ ಗಾಜು ಸಿಡಿಯಿತು.

ಸಿದ್ಧಾರೂಢ ಪಕ್ಕದ ಕೋಣೆಯಿಂದ ಓಡಿ ಬಂದಾಗ ಚೆಲುವ ನೆಲದ ಮೇಲೆ ಕೂತಿದ್ದ. ಎರಡೂ ಕೈ ಮುಖದ ಮೇಲೆ. ಬೆರಳ ಸಂದಿಯಿಂದ ರಕ್ತ. "ಸಿದ್ದಣ್ಣ, ಏನೂ ಕಾಣ್ತಿಲ್ಲ ಕಣಣ್ಣ. ಲೈಟ್ ಹೋಯ್ತಾ?" ಅಂದ. ಕೋಣೆಯ ದೀಪಗಳೆಲ್ಲ ಉರಿಯುತ್ತಿದ್ದವು.

ವಾಲ್ನಟ್ ಕ್ರೀಕಿನ ಆಸ್ಪತ್ರೆಯಲ್ಲಿ ಬಲಗಣ್ಣು ಉಳಿಸಿದರು. ಎಡಗಣ್ಣು ಹೋಯಿತು.

ಕಂಪನಿಯಲ್ಲಿ ವಿಚಾರಣೆ ಶುರುವಾಯಿತು. ಒಡೆದ ಗಾಜು ನೋಡಿ ಕಾರಣ ಹೇಳು ಅಂತ ಯಾರಿಗೆ ಕೊಟ್ಟರು ಹೇಳಿ? ಗಾಜಿನ ವಿಷಯ ಬಲ್ಲವನು ಅವನೊಬ್ಬನೇ ತಾನೆ, ಸಿದ್ಧಾರೂಢನಿಗೇ ಕೊಟ್ಟರು. ಅವನು ಚೂರುಗಳನ್ನು ಒಂದೊಂದಾಗಿ ಜೋಡಿಸಿದ. ಬಿರುಕುಗಳೆಲ್ಲ ನದಿಗಳ ಹಾಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ಅಂಚಿನ ಒಂದೇ ಜಾಗದಲ್ಲಿ ಕೂಡುತ್ತಿದ್ದವು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಅಲ್ಲಿ, ಗಾಜಿನೊಳಕ್ಕೆ ಒತ್ತಿಕೊಂಡು, ಒಂದು ಬಿಳಿ ಕಣ. ಬೂದಿಯಲ್ಲಿದ್ದ ಮರಳಿನ ಹರಳು. ಎಷ್ಟು ಹೊತ್ತು ಹಾಗೇ ಬಗ್ಗಿ ಕೂತಿದ್ದನೋ, ಎದ್ದಾಗ ಕತ್ತು ಹೊರಳುತ್ತಿರಲಿಲ್ಲ. ಮ್ಯಾನೇಜರಮ್ಮ ಬಂದು ಏನಾದರೂ ಗೊತ್ತಾಯಿತಾ ಅಂತ ಕೇಳಿದಳು.

"ಇನ್ನೂ ನೋಡ್ತಿದೀನಿ" ಅಂದ.

ಬಾಯಿ ಬಿಟ್ಟರೆ ತಾಯಿಯ ಹೆಸರು ಬರುತ್ತದೆ. ಒಬ್ಬ ಹುಡುಗನ ಕಣ್ಣು ತನ್ನ ವಿಭೂತಿಯಿಂದ ಹೋಯಿತು ಅಂತ ಗೊತ್ತಾದರೆ ಆ ಜೀವ ಉಳಿಯುತ್ತದೆಯೇ? ಹೀಗಂತ ತನಗೆ ತಾನೇ ಹೇಳಿಕೊಂಡ. ಸುಳ್ಳಲ್ಲ ಆ ಭಯ. ಆದರೆ ಪೂರ್ತಿ ನಿಜವೂ ಅಲ್ಲ, ನನ್ನ ಕೇಳಿದರೆ. ಹಚ್ಚಿದವಳು ತಾಯಿ ಸರಿ. ಅರೆಬರೆ ಒರೆಸಿ ಕೂರಿಸಿದವನು ಯಾರು? ಮಗ ಅವ್ವನ ಸೆರಗಿನ ಹಿಂದೆ ಅಡಗಿ ಕೂತ. ನಡುವಯಸ್ಸು ದಾಟಿದ ಗಂಡಸು!

ಅವನು ಸುಮ್ಮನಿದ್ದಷ್ಟೂ ಬೇರೆಯವರು ಸುಮ್ಮನಿರಲಿಲ್ಲ. ಕಾರಣ ಬೇಕಿತ್ತು, ಸಿಕ್ಕಿತು. ಅವತ್ತು ಚೆಲುವ ಶಾಖವನ್ನು ಬೇಗ ಏರಿಸಿದ್ದ, ಗಾಜು ಅದಕ್ಕೇ ಒಡೆಯಿತು ಅಂತ ಮಾತು ಹುಟ್ಟಿತು. ಆಪರೇಟರಿನ ತಪ್ಪು. ಪರದೆಯಾಚೆ ತಲೆ ಹಾಕಿದ್ದು ಬೇರೆ. ಹೀಗೆ ತೀರ್ಮಾನವಾದರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ. ಅಕ್ಷಯಾಳ ಕೆಲಸವೂ ಗಂಡನ ವೀಸಾದ ಬಾಲ ಹಿಡಿದು ಬಂದದ್ದೇ. ಒಂದು ಕಣ್ಣು, ಒಂದು ಕೆಟ್ಟ ಹೆಸರು ಹೊತ್ತುಕೊಂಡು ಗಂಟುಮೂಟೆ ಕಟ್ಟಬೇಕು. ಇದೆಲ್ಲ ಸಿದ್ಧಾರೂಢನ ಒಂದು ಮಾತಿನ ಮೇಲೆ ನಿಂತಿತ್ತು.

ಅವನು ಆಸ್ಪತ್ರೆಗೆ ಹೋಗುತ್ತಿದ್ದ. ಬರಿಗೈಯಲ್ಲಿ ಅಲ್ಲ, ಶರಣವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದಳು. ಒಂದು ದಿನ ಚೆಲುವ ರೊಟ್ಟಿ ಮುರಿಯುತ್ತಾ ಮುರಿಯುತ್ತಾ ನಿಲ್ಲಿಸಿದ.

"ಸಿದ್ದಣ್ಣ, ಒಂದು ಹೇಳ್ಲಾ? ಅವತ್ತು ಮಗೂನ ಡೇಕೇರಿಂದ ನಾನೇ ಕರ್ಕೊಂಡ್ ಬರಬೇಕಿತ್ತು. ಅವಸರ ಅವಸರ. ನೀನು ಎಷ್ಟ್ ಸಲ ಹೇಳಿದ್ದೆ, ನಿಧಾನಕ್ ಕಾಯಿಸೋ, ಗಾಜಿಗೆ ಉಸಿರಾಡೋಕ್ ಬಿಡೋ ಅಂತ. ನಾನ್ ಕೇಳ್ಳಿಲ್ಲ. ನನ್ನ ಕಣ್ಣು ನಾನೇ ಕಿತ್ಕೊಂಡೆ ಕಣಣ್ಣ."

ಇಲ್ಲ ಅನ್ನಬೇಕಿತ್ತು. ಅಲ್ಲೇ, ಆ ಕ್ಷಣವೇ ಅನ್ನಬೇಕಿತ್ತು. ಸಿದ್ಧಾರೂಢ ಚಟ್ನಿಯನ್ನು ಅವನ ಹತ್ತಿರಕ್ಕೆ ಸರಿಸಿದ. "ಅದನ್ನೆಲ್ಲ ಈಗ ಯಾಕ ವಿಚಾರ ಮಾಡ್ತಿ, ಆರಾಮ ಆಗು ಮೊದಲು" ಅಂದ. ಥೂ! ಆಮೇಲೆ ಕಾರಿನಲ್ಲಿ ಕೂತು ತನ್ನ ಕಪಾಳಕ್ಕೆ ತಾನೇ ಹೊಡೆದುಕೊಂಡನಂತೆ. ಹೊಡೆದುಕೊಂಡು ಏನು ಬಂತು? ಚೆಲುವ ಮಾತ್ರ ಆ ಹಾಸಿಗೆಯಲ್ಲಿ ದಿನವೂ ಅದೇ ಮಾತು ಹೇಳಿಕೊಂಡು ಮಲಗುತ್ತಿದ್ದ.

ಮನೆಗೆ ಬಂದರೆ ಅಲ್ಲೂ ತಪ್ಪಿಸಿಕೊಳ್ಳಲು ಜಾಗವಿಲ್ಲ. ಬೆಳಿಗ್ಗೆ ಎದ್ದರೆ ಶರಣವ್ವ ಲಿಂಗಪೂಜೆಗೆ ಕೂತು, ವಿಭೂತಿ ಧರಿಸಿ, "ಆ ಹುಡುಗನ ಇನ್ನೊಂದು ಕಣ್ಣರೆ ಕಾಯಪ್ಪ ಶಿವನ" ಅಂತ ಗಟ್ಟಿಯಾಗಿ ಬೇಡುತ್ತಿದ್ದಳು. ಸಿದ್ಧಾರೂಢ ಹಲ್ಲುಜ್ಜುತ್ತಾ ನಲ್ಲಿ ಜೋರಾಗಿ ಬಿಡುತ್ತಿದ್ದ, ಕೇಳಿಸದಿರಲಿ ಅಂತ. ಬರಬರುತ್ತಾ ಅನ್ನ ಸೇರಲಿಲ್ಲ. ಹೆಂಡತಿ ಮಾಧುರಿ ಎಷ್ಟು ದಿನ ಅಂತ ನೋಡುತ್ತಾಳೆ? ಒಂದು ಮಧ್ಯಾಹ್ನ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಅವನ ಎದುರಿಗೆ ನಿಂತಳು. ಏನಾಗಿದೆ ಹೇಳ್ರಿ, ಹೇಳೋ ತನಕ ನಾ ಇಲ್ಲಿಂದ ಸರಿಯಂಗಿಲ್ಲ ಅಂದಳು. ಅವನು ಹೇಳಿದ. ಹೇಳಿ, ಹಳೆಯ ಟೈರುಗಳ ಮೇಲೆ ಕುಸಿದು ಕೂತು ಅತ್ತ.

ಮಾಧುರಿ ಅಳಲಿಲ್ಲ. "ಅತ್ತಿಯವರಿಗೆ ಹೇಳಬ್ಯಾಡ್ರಿ" ಅಂದಳು. "ಆದ್ರ ಚೆಲುವಗ ಹೇಳದ ಇದ್ರ, ನಿಮ್ಮ ಮುಖ ನೋಡ್ಕೊಂತ ನನಗ ಈ ಮನಿಯಾಗ ಇರಾಕ ಆಗಂಗಿಲ್ಲ."

ಮಾರನೆಯ ದಿನ ಸಿದ್ಧಾರೂಢ ಮ್ಯಾನೇಜರಮ್ಮನ ಕೋಣೆಗೆ ಹೋಗಿ ಕಣ ತೋರಿಸಿದ, ಎಲ್ಲ ಹೇಳಿದ. ಗಾಜು ಅಂಚಿನ ಕಣದಿಂದ ಸೀಳಿದ್ದು, ಶಾಖದಿಂದಲ್ಲ. ಕೂರಿಸಿದವನು ನಾನು. ನಿಯಮದ ಪ್ರಕಾರ ತೊಳೆಯಲಿಲ್ಲ, ಗೊತ್ತಿದ್ದೂ ತೊಳೆಯಲಿಲ್ಲ. ಚೆಲುವನದು ಏನೂ ತಪ್ಪಿಲ್ಲ. ಹೋದ ಪೂಜೆಯಲ್ಲಿ ಮ್ಯಾನೇಜರಮ್ಮ ತಾನೇ ಹಣೆಗೆ ಕುಂಕುಮ ಇಡಿಸಿಕೊಂಡು ಫೋಟೋ ತೆಗೆಸಿಕೊಂಡಿದ್ದಳು. ಅವತ್ತೇ ಸಿದ್ಧಾರೂಢನ ಬ್ಯಾಜು ತೆಗೆದುಕೊಂಡು ಕೆಲಸದಿಂದ ಬಿಡಿಸಿದರು. ಚೆಲುವನ ಮೇಲಿನ ಮಾತು ಬಿತ್ತು, ಅವನ ಕೆಲಸ ಉಳಿಯಿತು. ಲ್ಯಾಬಿನಲ್ಲಿ ಇನ್ನು ಮುಂದೆ ಯಾವ ಪೂಜೆಯೂ ಇಲ್ಲ ಅಂತ ಆಯಿತು.

ಕಾರಿನಲ್ಲಿ ಕೂತೇ ಚೆಲುವನಿಗೆ ಫೋನು ಮಾಡಿದ. ಅಷ್ಟರಲ್ಲಿ ಅವನು ಮನೆಗೆ ಬಂದಿದ್ದ. ಸಿದ್ಧಾರೂಢ ಒಂದೂ ಬಿಡದೆ ಹೇಳಿದ, ತಾಯಿ ಹಚ್ಚಿದ್ದು, ತಾನು ಒರೆಸಿದ್ದು, ಗಾಜಿನೊಳಗಿನ ಕಣ ನೋಡಿದ್ದು, ನೋಡಿಯೂ ಸುಮ್ಮನಿದ್ದದ್ದು.

"ನಾನ್ ರೊಟ್ಟಿ ತಿಂತಾ ಹೇಳಿದ್ನಲ್ಲ, ಅವತ್ತು," ಅಂದ ಚೆಲುವ ಕೊನೆಗೆ, "ಅವತ್ತೂ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಫೋನು ಕಟ್ಟಾಯಿತು.

ಇಲ್ಲಿಗೇ ಮುಗಿದಿದ್ದರೆ ಆಗುತ್ತಿತ್ತು. ಆದರೆ ಶರಣವ್ವನಿಗೆ ಇದ್ಯಾವುದೂ ತಿಳಿಯದು. ಲ್ಯಾಬಿನ ಒಂದು ವಿಭಾಗ ಮುಚ್ಚಿತು, ಕೆಲಸ ಹೋಯಿತು ಅಂತ ಅವಳಿಗೆ ಹೇಳಿದ್ದರು. 'ಹೋಗಲಿ ಬಿಡಪ್ಪ, ಕಣ್ಣು ಹೋದವನ ಮುಂದ ಇದು ಯಾವ ದುಃಖ' ಅಂದಿದ್ದಳು. ಹುಡುಗ ಮನೆಗೆ ಬಂದಾನಂತ, ನಾ ಹೋಗಿ ನೋಡಬೇಕು ಅಂತ ಹಟ ಹಿಡಿದಳು. ಇವತ್ತು ಬೇಡ, ನಾಳೆ ಅಂತ ಸಿದ್ಧಾರೂಢ ದಿನ ದೂಡಿದ. ಕೊನೆಗೆ ಮುದುಕಿ ಒಂದು ಭಾನುವಾರ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು, ಹೋಗಿ ಕಾರಿನಲ್ಲೇ ಕೂತುಬಿಟ್ಟಳು. ಇನ್ನು ಏನು ಮಾಡುವುದು? ಹೊರಟ.

ಫ್ರೀವೇ ಉದ್ದಕ್ಕೂ ಅವನಿಗೆ ಒಂದೇ ಯೋಚನೆ. ಚೆಲುವ ಬಾಯಿ ಬಿಟ್ಟರೆ? ಬಿಡುವ ಹಕ್ಕು ಅವನಿಗಿದೆ. ನಿಮ್ಮ ಬೂದಿಯಿಂದ ಕಣ್ಣು ಹೋಯಿತು ಅಂತ ಅಂದರೆ ಬೇಡ ಅನ್ನಲು ತಾನು ಯಾರು?

ಬಾಗಿಲು ತೆಗೆದವಳು ಅಕ್ಷಯಾ. ಅವಳು ಸಿದ್ಧಾರೂಢನ ಮುಖ ನೋಡಲಿಲ್ಲ. "ಬನ್ನಿ ಅವ್ವ" ಅಂತ ಮುದುಕಿಯ ಕೈ ಹಿಡಿದು ಒಳಗೆ ಕರೆದಳು. ಚೆಲುವ ಸೋಫಾದ ಮೇಲೆ ಕೂತಿದ್ದ, ಎಡಗಣ್ಣಿಗೆ ಬಿಳಿ ಪಟ್ಟಿ. ಶರಣವ್ವ ಅವನ ಗಲ್ಲ ಸವರಿ, ನೆಟಿಗೆ ಮುರಿದು, ಗೊಳೋ ಅಂತ ಅತ್ತಳು. ಅತ್ತು, ಕಣ್ಣೊರೆಸಿಕೊಂಡು, ಸೊಂಟದ ಚೀಲದಿಂದ ವಿಭೂತಿಯ ಗಟ್ಟಿ ತೆಗೆದಳು.

"ನಮ್ಮ ಮಠದ ವಿಭೂತಿ ಇದು. ಅವತ್ತು ನಿಮ್ಮ ಆ ಗಾಜಿಗೆ ಹಚ್ಚಿದ್ನೆಲ್ಲ, ಅದಽ. ಇಷ್ಟರ ಮ್ಯಾಲೆ ಹೋತಲ್ಲಪಾ, ಎರಡೂ ಹೋಗಲಿಲ್ಲಲ್ಲ. ಶಿವ ಕಾದ. ಬಾ, ಹಣಿ ತೋರ್ಸು."

ಅಕ್ಷಯಾ ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದಳು. ಚೆಲುವ ಉಳಿದ ಒಂದು ಕಣ್ಣನ್ನು ಎತ್ತಿ ಸಿದ್ಧಾರೂಢನನ್ನು ನೋಡಿದ. ಸಿದ್ಧಾರೂಢ ಬಾಗಿಲ ಹತ್ತಿರ, ಇನ್ನೂ ಷೂ ಕಳಚಿರಲಿಲ್ಲ, ಕೈ ಮುಗಿದ. ಬೇಡ ಅಂತಲೋ, ಕ್ಷಮಿಸು ಅಂತಲೋ, ಅವನಿಗೇ ತಿಳಿಯಲಿಲ್ಲ.

ಚೆಲುವ ತಲೆ ಬಗ್ಗಿಸಿದ.

"ಹಚ್ಚಿ ಅವ್ವ" ಅಂದ.

ಶರಣವ್ವ ಪಟ್ಟಿಗೆ ತಾಗದ ಹಾಗೆ, ಮೆಲ್ಲಗೆ, ಮೂರು ಬೆರಳು ಎಳೆದಳು. ಬೂದಿಯ ಪುಡಿ ಬಿಳಿ ಪಟ್ಟಿಯ ಮೇಲೆ ಉದುರಿತು. ಚೆಲುವ ಅಲುಗಾಡಲಿಲ್ಲ. ಆಮೇಲೆ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ರೊಟ್ಟಿ ತಿಂದ. ಅವಳು ಊರಿನ ಸುದ್ದಿ ಹೇಳಿದಾಗ ಹೂಂಗುಟ್ಟಿದ, ಒಮ್ಮೆ ನಕ್ಕ ಕೂಡ.

ಹೊರಡುವಾಗ ಅಕ್ಷಯಾ ಮುದುಕಿಯನ್ನು ಮೆಟ್ಟಿಲು ಇಳಿಸುತ್ತಿದ್ದಳು. ಚೆಲುವ ಬಾಗಿಲಿಗೆ ಬಂದ. ದನಿ ತಗ್ಗಿಸಿ ಹೇಳಿದ:

"ಕಣ್ಣು ಹೋಗಿದ್ದಕ್ಕಲ್ಲ ಸಿದ್ದಣ್ಣ. ಅದು ಕೈತಪ್ಪು, ಯಾರಿಗೂ ಆಗ್ತದೆ. ನನ್ ಕಣ್ಣು ನಾನೇ ಕಿತ್ಕೊಂಡೆ ಅಂತ ನಾನ್ ಅಳ್ತಿದ್ರೆ ನೀನ್ ಕೂತ್ಕೊಂಡ್ ಕೇಳಿದೆ ನೋಡು, ಅದಕ್ಕೆ. ಅವ್ವನ್ನ ವಾರವಾರ ಕರ್ಕೊಂಡ್ ಬಾ. ಅವ್ರಿಗೆ ನನ್ ಬಾಯಿಂದ ಏನೂ ಗೊತ್ತಾಗಲ್ಲ. ಆದ್ರೆ ನೀನು ಮೇಲಕ್ ಬರಬೇಡ."

ಸಿದ್ಧಾರೂಢನಿಗೆ ಈಗ ಬೇರೆ ಕೆಲಸ ಸಿಕ್ಕಿದೆ, ನೀರಿನ ಪಂಪುಗಳ ಕಂಪನಿಯೊಂದರಲ್ಲಿ. ಬಿಸಿಯೂ ಇಲ್ಲ, ಒತ್ತಡವೂ ಅಂಥದ್ದಿಲ್ಲ. ಹನಿಯ ವಿಡಿಯೋಗಳನ್ನೆಲ್ಲ ಕಂಪನಿ ವಾಪಸು ತೆಗೆದುಕೊಂಡಿತು. ಚೆಲುವ ಲ್ಯಾಬಿಗೆ ಮರಳಿದ್ದಾನೆ, ಒಂದೇ ಕಣ್ಣಲ್ಲಿ ಹನಿ ನೋಡುತ್ತಾನೆ. ಮೊದಲಿನ ಹಾಗೆ ನಗುವುದಿಲ್ಲವಂತೆ.

ಭಾನುವಾರ ಬಂದರೆ ಸಿದ್ಧಾರೂಢ ಶರಣವ್ವನನ್ನು ನೆವಾರ್ಕಿಗೆ ಕರೆದುಕೊಂಡು ಹೋಗುತ್ತಾನೆ. ಅಕ್ಷಯಾ ಕೆಳಗೆ ಬಂದು ಮುದುಕಿಯನ್ನು ಕರೆದುಕೊಂಡು ಹೋಗುತ್ತಾಳೆ. ಅವನು ಕಾರಿನಲ್ಲೇ ಕೂತಿರುತ್ತಾನೆ. ಮೇಲಿನ ಕಿಟಕಿಯ ಪರದೆ ಅಲುಗಾಡಿತೇ ಅಂತ ಆಗಾಗ ನೋಡುತ್ತಾನೆ. ಮೊನ್ನೆ ಶರಣವ್ವ ಬೆರಳಿನ ಬೂದಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಕಾರು ಹತ್ತಿದವಳು ಕೇಳಿದಳು.

"ಅಲ್ಲೋ, ಮ್ಯಾಲೆ ಬಾ ಅಂದ್ರ ಒಂದ್ ದಿನಾನೂ ಬರೂದಿಲ್ಲಲ್ಲ ನೀನು. ತಮ್ಮನಂಥ ಹುಡುಗ. ಯಾಕೋ?"

ಸಿದ್ಧಾರೂಢ ಕಾರು ಚಾಲೂ ಮಾಡಿದ. ಎದುರಿಗೆ ಸಾಲುಸಾಲು ಜಾಗ ಖಾಲಿ ಬಿದ್ದಿತ್ತು.

"ಪಾರ್ಕಿಂಗ್ ಸಿಗಲಿಲ್ಲವ್ವ" ಅಂದ.